ಹಾಲುಹಲ್ಲು ಹೇಗೂ ಬೀಳುತ್ತೆ, ಶಾಲೆಯಲ್ಲಿ ದಂತ ಶಿಬಿರ ಯಾಕೆ?

ಪ್ರಶ್ನೆ: ಮುಧೋಳ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ ನಾನು. ಹೋದ ವರ್ಷ ನಮ್ಮಲ್ಲಿ ದಂತ ಶಿಬಿರ ಆಯಿತು. ಬ್ರಷ್, ಪೇಸ್ಟ್ ಹಂಚಿದರು. ಹುಳುಕು ಹಲ್ಲಿನ ಮಕ್ಕಳಿಗೆ ಆಸ್ಪತ್ರೆಗೆ ಹೋಗಲು ಚೀಟಿ ಬರೆದುಕೊಟ್ಟರು. ಯಾರೂ ಹೋಗಲಿಲ್ಲ. "ಹಾಲುಹಲ್ಲು, ಬಿದ್ದ ಹೋಗ್ತಾವ ಬಿಡ್ರಿ ಅಕ್ಕೋರೆ" ಅಂತಾರೆ ಪಾಲಕರು. ಈ ವರ್ಷ ಮತ್ತೆ ಮಾಡಿಸಬೇಕಾ?

ಉತ್ತರ: ಮಾಡಿಸಿ ಅಕ್ಕೋರೆ, ಆದರೆ ಬೇರೆ ರೀತಿ ಮಾಡಿಸಿ.

ಮೊದಲು ಪಾಲಕರ ಮಾತಿಗೆ ಬರೋಣ. ಮುಂದಿನ ಹಾಲುಹಲ್ಲು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಹಿಂದಿನ ದವಡೆ ಹಾಲುಹಲ್ಲು 10-12 ವರ್ಷದವರೆಗೂ ಬಾಯಲ್ಲಿ ಇರಬೇಕು. ಒಂದನೇ ತರಗತಿಯಲ್ಲೇ ಅದು ಹುಳುಕಾದರೆ ಇನ್ನೂ ನಾಲ್ಕೈದು ವರ್ಷ ಆ ಮಗು ಅದರಲ್ಲೇ ರೊಟ್ಟಿ ಅಗಿಯಬೇಕು, ರಾತ್ರಿ ನೋವಿಗೆ ನಿದ್ದೆಗೆಡಬೇಕು, ಬೆಳಗ್ಗೆ ನಿಮ್ಮ ತರಗತಿಯಲ್ಲಿ ತೂಕಡಿಸಬೇಕು. ಬೇರಿನವರೆಗೆ ಕೀವಾದರೆ ಅದರ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಪೆಟ್ಟು. ಬೇಗ ಕಿತ್ತರೆ ಅಕ್ಕಪಕ್ಕದ ಹಲ್ಲು ಜರುಗಿ ಹೊಸ ಹಲ್ಲು ಸೊಟ್ಟ ಬರಬಹುದು.

ಇನ್ನೊಂದು ವಿಷಯವನ್ನು ಪಾಲಕರ ಸಭೆಯಲ್ಲಿ ದಯವಿಟ್ಟು ಹೇಳಿ. ಆರನೇ ವರ್ಷದ ಹೊತ್ತಿಗೆ ಎಲ್ಲ ಹಾಲುಹಲ್ಲುಗಳ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ, ಹಾಗಾಗಿ ಮನೆಯವರು ಅದನ್ನೂ ಹಾಲುಹಲ್ಲು ಅಂದುಕೊಂಡು ಸುಮ್ನೆ ಬಿಡುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು! ಮೇಲ್ಭಾಗದಲ್ಲಿ ಆಳದ ಗೆರೆಗಳಿರುವುದರಿಂದ ಬೇಗ ಹುಳುಕಾಗುತ್ತದೆ. ಆ ಗೆರೆ ಮುಚ್ಚುವ ಸೀಲೆಂಟ್ ಹಾಕಲು ಕೊರೆಯಬೇಕಿಲ್ಲ, ಸೂಜಿ ಬೇಕಿಲ್ಲ.

ಈಗ ಶಿಬಿರ. ಬಾಗಲಕೋಟೆಯ ದಂತ ಕಾಲೇಜಿಗೆ ಶಾಲೆಯಿಂದ ಪತ್ರ ಬರೆಯಿರಿ. ದಂತ ಕಾಲೇಜುಗಳ ಸಾರ್ವಜನಿಕ ದಂತ ಆರೋಗ್ಯ ವಿಭಾಗದ ಕೆಲಸವೇ ಇದು. ತಪಾಸಣೆ ಜೊತೆ ಫ್ಲೋರೈಡ್ ವಾರ್ನಿಷ್ (ಹುಳುಕು ತಡೆಯಲು ಹಲ್ಲಿಗೆ ಬಳಿಯುವ ಲೇಪ) ಹಚ್ಚಲು ಆಗುತ್ತದಾ, ಆರು ತಿಂಗಳಿಗೆ ಮತ್ತೆ ಬರುತ್ತೀರಾ ಅಂತ ಮೊದಲೇ ಕೇಳಿ. ಸಣ್ಣ ಹುಳುಕಿಗೆ ಬೆಳ್ಳಿಯ ಅಂಶವಿರುವ ಒಂದು ದ್ರಾವಣ ಇದೆ, ಕೊರೆಯದೆ ಹಚ್ಚಬಹುದು. ಹೆಚ್ಚಿನ ಹಲ್ಲುಗಳಲ್ಲಿ ಹುಳುಕು ಅಲ್ಲಿಗೇ ನಿಲ್ಲುತ್ತದೆ, ಆದರೆ ಆ ಜಾಗ ಕಪ್ಪಾಗುತ್ತದೆ. ಪಾಲಕರಿಗೆ ಇದನ್ನು ಹೇಳಿ ಒಪ್ಪಿಗೆ ತಗೊಳ್ಳದೆ ಹಚ್ಚಿಸಬೇಡಿ. ಚೀಟಿಯನ್ನು ಮಗುವಿನ ಕೈಗೆ ಕೊಡಬೇಡಿ, ತಾಯಿಯನ್ನು ಕರೆಸಿ ಕೊಡಿ. ಹತ್ತಿಪ್ಪತ್ತು ಮಕ್ಕಳಿದ್ದರೆ ಎಸ್‌ಡಿಎಂಸಿಯವರಿಗೆ (ಶಾಲಾಭಿವೃದ್ಧಿ ಸಮಿತಿ) ಹೇಳಿ ಒಂದೇ ದಿನ ಒಂದು ಗಾಡಿ ಮಾಡಿಕೊಂಡು ಹೋಗಿ. ಕೂಲಿ ಬಿಟ್ಟು ಒಬ್ಬೊಬ್ಬರೇ ಹೋಗೋದು ಕಷ್ಟ ಅಲ್ವಾ. ವರ್ಷಕ್ಕೊಮ್ಮೆ ಶಾಲೆಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡದವರೂ ಹಲ್ಲು ನೋಡುತ್ತಾರೆ, ಅವರ ಕೈಲೂ ಹುಳುಕು ಹಲ್ಲಿನ ಮಕ್ಕಳ ಪಟ್ಟಿ ಇರಲಿ.

ಆದರೆ ನಿಜವಾದ ಕೆಲಸ ಉಳಿದ ದಿನಗಳದ್ದು. ಬಿಸಿಯೂಟದ ನಂತರ ಎಲ್ಲ ಮಕ್ಕಳೂ ಎರಡು ನಿಮಿಷ ಒಟ್ಟಿಗೆ ಹಲ್ಲುಜ್ಜಲಿ. ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು, ಅಂಗನವಾಡಿಯ ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು. ಉಜ್ಜಿದ ಮೇಲೆ ಉಗಿಯಲಿ, ನೀರು ಹಾಕಿ ಜಾಸ್ತಿ ಮುಕ್ಕಳಿಸುವುದು ಬೇಡ. ಮನೆಯಲ್ಲಿ ಮಲಗುವ ಮುಂಚೆ ಇನ್ನೊಂದು ಸಲ, ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಿಸಬೇಕು. ನಿಮ್ಮದು ಕಬ್ಬಿನ ಸೀಮೆ, ಬೆಲ್ಲ ಒಳ್ಳೆಯದು ಅಂತ ಮಕ್ಕಳ ಕೈಗೆ ಆಗಾಗ ಉಂಡೆ ಕೊಡುತ್ತಾರೆ. ಹಲ್ಲಿಗೆ ಬೆಲ್ಲವೂ ಸಕ್ಕರೆಯೇ. ಊಟದ ಜೊತೆ ತಿನ್ನಲಿ, ದಿನವಿಡೀ ಬಾಯಲ್ಲಿ ಇರಬಾರದು. ಅಜ್ಜಿಯರು ಮಿಶ್ರಿ ತಿಕ್ಕುವ ಮನೆಗಳಿದ್ದರೆ ಖಂಡಿತ ಎಚ್ಚರಿಸಿ, ಅದು ಸುಟ್ಟ ತಂಬಾಕು. ನೋಡಿ ನೋಡಿ ಮಕ್ಕಳೂ ಬೆರಳು ಹಾಕುತ್ತಾರೆ.

ಪ್ರಶ್ನೆ: ನಮ್ಮದು ಇಂಡಿ ತಾಲ್ಲೂಕು. ಒಂಬತ್ತು ವರ್ಷದ ಮಗಳ ಮುಂದಿನ ಹಲ್ಲಲ್ಲಿ ಕಂದು ಕಲೆ. ಬೋರ್ ನೀರಿನಿಂದ ಅಂತಾರೆ. ಎರಡು ವರ್ಷದ ಮಗನೂ ಇದ್ದಾನೆ. ಫ್ಲೋರೈಡ್ ಪೇಸ್ಟ್ ಬಿಡಬೇಕಾ?

ಉತ್ತರ: ಮೊದಲು ನೀರು ನೋಡಿ, ಅದರಲ್ಲಿ ಫ್ಲೋರೈಡ್ ಜಾಸ್ತಿ ಇದ್ದರೆ ಇಂಥ ಕಲೆ ಬೀಳಬಹುದು. ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇದ್ದರೆ ಆ ನೀರು ಕುಡಿಯಲು ಬೇಡ. ಗ್ರಾಮ ಪಂಚಾಯಿತಿಗೆ ಹೇಳಿ ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಅಂಶ ಹೆಚ್ಚುತ್ತದೆ. ಊರಲ್ಲಿ ಶುದ್ಧ ನೀರಿನ ಘಟಕವಿದ್ದರೆ ಮಗನಿಗೆ ಕುಡಿಯಲೂ ಅಡುಗೆಗೂ ಅದೇ ನೀರು ಬಳಸಿ. ಎಂಟು ವರ್ಷದೊಳಗೆ ಹಲ್ಲು ಒಳಗೆ ರೂಪುಗೊಳ್ಳುವಾಗಲೇ ಈ ಕಲೆ ಬೀಳುವುದು, ಅವನಿಗೆ ಇನ್ನೂ ಸಮಯವಿದೆ. ಪೇಸ್ಟ್ ಬಿಡಬೇಡಿ, ಅಕ್ಕಿಕಾಳಿನಷ್ಟೇ ಹಾಕಿ, ನುಂಗದಂತೆ ಪಕ್ಕದಲ್ಲಿ ನಿಂತು ಉಜ್ಜಿಸಿ. ಮಗಳ ಕಲೆಯನ್ನು ಇದ್ದಿಲು, ಉಪ್ಪು ಹಾಕಿ ತಿಕ್ಕಿದರೆ ಹಲ್ಲು ಸವೆಯುತ್ತದೆಯೇ ಹೊರತು ಕಲೆ ಹೋಗುವುದಿಲ್ಲ. ಅದನ್ನು ತಿಳಿಮಾಡಲು, ಮರೆಮಾಡಲು ಚಿಕಿತ್ಸೆ ಇದೆ, ವಿಜಯಪುರದ ದಂತ ಕಾಲೇಜಿನಲ್ಲಿ ಒಮ್ಮೆ ತೋರಿಸಿ.