ಎಐ ಪ್ರಾಂಪ್ಟ್‌ನಲ್ಲಿ "85 ಎಂಎಂ, ಲೋ ಆ್ಯಂಗಲ್" ಎಂದು ಬರೆಯುವುದರಿಂದ ಪ್ರಯೋಜನವಿದೆಯೇ?

ಕೆ.ಆರ್. ಮಾರ್ಕೆಟ್‌ನ ನೆಲದ ಮೇಲೆ ಕುಳಿತ ಹೂವಾಡಗಿತ್ತಿಯೊಬ್ಬರ ಚಿತ್ರವನ್ನು ಪೋಸ್ಟರ್‌ಗಾಗಿ ಎಐಯಿಂದ ಮಾಡಿಸುತ್ತಿದ್ದೀರಿ, ಅದಕ್ಕೆ ಬರೆದುಕೊಡುವ ಸೂಚನೆಯಾದ ಪ್ರಾಂಪ್ಟ್‌ನಲ್ಲಿ "85 ಎಂಎಂ ಲೆನ್ಸ್, ಎಫ್ 1.4, ಐಎಸ್‌ಒ 100, ಲೋ ಆ್ಯಂಗಲ್, ಹಿಂದೆ ಇಡೀ ಮಾರುಕಟ್ಟೆ ಸ್ಪಷ್ಟವಾಗಿ" ಎಂದು ಬರೆದಿರಿ, 85 ಇದ್ದದ್ದನ್ನು 35 ಎಂದು ತಿದ್ದಿದರೂ ಚಿತ್ರ ಹೆಚ್ಚುಕಡಿಮೆ ಒಂದೇ ಥರ ಬಂತು, ಕೇಳಿದ ಲೋ ಆ್ಯಂಗಲ್ ಕೂಡ ಬರಲಿಲ್ಲ. ಈ ಪದಗಳಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ, ಅಥವಾ ಎಲ್ಲರೂ ಬರೆಯುತ್ತಾರೆಂದು ನಾವೂ ಬರೆಯುತ್ತಿದ್ದೇವೆಯೇ ಎಂಬುದು ನಿಮ್ಮ ಪ್ರಶ್ನೆ.

ನಾನು ಹದಿನೆಂಟು ವರ್ಷ ಬೆಂಗಳೂರಿನ ಛತ್ರಗಳಲ್ಲಿ ಮದುವೆ ಫೋಟೊ ತೆಗೆದವನು. ಈಗ ಹನುಮಂತನಗರದ ಮನೆಯಲ್ಲೇ ಕುಳಿತು ಲಗ್ನಪತ್ರಿಕೆ ಮತ್ತು ಪುಸ್ತಕದ ಮುಖಪುಟಗಳನ್ನು ವಿನ್ಯಾಸ ಮಾಡುತ್ತೇನೆ. ಅವುಗಳಲ್ಲಿ ಹಲವಕ್ಕೆ ಎಐ ಚಿತ್ರಗಳನ್ನೇ ಬಳಸುತ್ತೇನೆ. ಲೆನ್ಸಿನ ಪದಗಳು ಕೈಬೆರಳಿನ ತುದಿಯಲ್ಲಿದ್ದುದರಿಂದ ಆರಂಭದಲ್ಲಿ ನಾನೂ ನಿಮ್ಮಂತೆಯೇ ಬರೆಯುತ್ತಿದ್ದೆ, ನಿಮ್ಮಷ್ಟೇ ನಿರಾಶನೂ ಆಗುತ್ತಿದ್ದೆ. ಇಂದಿನ ನನ್ನ ಅಭಿಪ್ರಾಯವೆಂದರೆ, ಲೆನ್ಸಿನ ಹೆಸರುಗಳು ಸ್ವಲ್ಪ ಕೆಲಸ ಮಾಡುತ್ತವೆ, ಲೆನ್ಸಿನ ಸಂಖ್ಯೆಗಳು ಬಹುಪಾಲು ಮಾಡುವುದಿಲ್ಲ, ಮತ್ತು ಆ ಲೆನ್ಸಿನಿಂದ ಕಣ್ಣಿಗೆ ಏನು ಕಾಣಬೇಕಿತ್ತೋ ಅದನ್ನೇ ವಾಕ್ಯವಾಗಿ ಬರೆದರೆ ಎರಡಕ್ಕಿಂತಲೂ ಹೆಚ್ಚು ಕೆಲಸವಾಗುತ್ತದೆ.

ಕ್ಯಾಮೆರಾದಲ್ಲಿ ಆ ಸಂಖ್ಯೆ ಒಂದು ಅಳತೆ. 36×24 ಮಿಲಿಮೀಟರಿನ ಸೆನ್ಸರಿಗೆ (ಬೆಳಕನ್ನು ಹಿಡಿಯುವ ಫಲಕಕ್ಕೆ) 24 ಎಂಎಂ ಲೆನ್ಸ್ ಹಾಕಿದರೆ ಮೂಲೆಯಿಂದ ಮೂಲೆಗೆ ಸುಮಾರು 84 ಡಿಗ್ರಿ ಕಾಣುತ್ತದೆ, 50 ಎಂಎಂ ಹಾಕಿದರೆ ಸುಮಾರು 47, 85 ಎಂಎಂ ಹಾಕಿದರೆ ಸುಮಾರು 28. ಬ್ಲೆಂಡರ್‌ನಂತಹ ತ್ರೀಡಿ ಸಾಫ್ಟ್‌ವೇರ್‌ನಲ್ಲಿಯೂ ಈ ಅಳತೆಗೆ ಬೆಲೆಯಿದೆ; ಅಲ್ಲಿ ಸಂಖ್ಯೆಯನ್ನು ಬದಲಿಸಿದರೆ ಯಂತ್ರ ರೇಖಾಗಣಿತವನ್ನೇ ಹೊಸದಾಗಿ ಲೆಕ್ಕ ಹಾಕುತ್ತದೆ. ಆದರೆ ಎಐ ಚಿತ್ರ ರಚಿಸುವ ಡಿಫ್ಯೂಷನ್ ಮಾದರಿಯೊಳಗೆ (ಮಾಡೆಲ್) ಲೆನ್ಸೂ ಇಲ್ಲ, ಸೆನ್ಸರೂ ಇಲ್ಲ. ಅದು ಬರೀ ಚುಕ್ಕೆಗಳ ಗೊಂದಲದಿಂದ ಶುರುಮಾಡಿ, ಹಂತ ಹಂತವಾಗಿ ಆ ಗೊಂದಲವನ್ನು ತೆಗೆಯುತ್ತ ಹೋಗುತ್ತದೆ. ಯಾವ ಕಡೆಗೆ ತೆಗೆಯಬೇಕೆಂಬುದನ್ನು ನಿಮ್ಮ ಪದಗಳು ಸೂಚಿಸುತ್ತವೆ, ಅಷ್ಟೇ.

ಆ ಪದಗಳ ಅರ್ಥವನ್ನು ಅದು ಕಲಿತದ್ದಾದರೂ ಎಲ್ಲಿಂದ? 2022ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಸ್ಟೇಬಲ್ ಡಿಫ್ಯೂಷನ್ ಅಂತರ್ಜಾಲದ ಚಿತ್ರಗಳನ್ನೂ ಅವುಗಳ ಜೊತೆಗಿದ್ದ ಬರಹವನ್ನೂ ಜೋಡಿಜೋಡಿಯಾಗಿ ನೋಡಿ ಕಲಿತ ಮಾದರಿ. ತಾವು ತೆಗೆದ ಫೋಟೊದ ಕೆಳಗೆ "85 ಎಂಎಂ" ಎಂದು ಬರೆದುಕೊಳ್ಳುವವರು ಯಾರೆಂದು ಯೋಚಿಸಿ. ನಾಮಕರಣದ ಫೋಟೊವನ್ನು ಫೋನಿನಲ್ಲಿ ತೆಗೆದು ಹಂಚುವ ಚಿಕ್ಕಪ್ಪ ಹಾಗೆ ಬರೆಯುವುದಿಲ್ಲ; ದುಬಾರಿ ಲೆನ್ಸ್ ಕೊಂಡು, ಹಿನ್ನೆಲೆಯನ್ನು ಬೆಣ್ಣೆಯಂತೆ ಕರಗಿಸಿ ಮುಖದ ಚಿತ್ರ ತೆಗೆಯುವ ಹವ್ಯಾಸಿ ಬರೆಯುತ್ತಾನೆ. ಹೀಗಾಗಿ ಮಾದರಿಯ ಮಟ್ಟಿಗೆ 85 ಎಂಎಂ ಎಂಬುದು 28 ಡಿಗ್ರಿಯಲ್ಲ, "ಹಿಂದೆ ಮಸುಕಾಗಿರುವ ಚೆಂದದ ಮುಖ" ಎಂಬುದರ ಅಡ್ಡಹೆಸರು. ನಿಮ್ಮ ಪ್ರಾಂಪ್ಟ್‌ನಲ್ಲಿ ಮುಖ ಆಗಲೇ ಇದೆ, ಎಫ್ 1.4 (ಲೆನ್ಸಿನ ಕಿಂಡಿ ಅಗಲವಾಗಿ ತೆರೆದಿದೆ ಎಂಬ ಸೂಚನೆ) ಕೂಡ ಇದೆ, ಅದೂ ಮಸುಕಾದ ಹಿನ್ನೆಲೆಯ ಇನ್ನೊಂದು ಅಡ್ಡಹೆಸರೇ. ಇಷ್ಟೆಲ್ಲ ಇರುವಾಗ 85ನ್ನು 35 ಮಾಡಿದರೆ ಚಿತ್ರ ಬದಲಾಗುವುದಕ್ಕೆ ಕಾರಣವೇ ಇರಲಿಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ನಿಮ್ಮ ಸಾಧನದಲ್ಲಿ ಸೀಡ್ ಸಂಖ್ಯೆಯನ್ನು (ಆರಂಭದ ಚುಕ್ಕೆಗಳ ಗೊಂದಲ ಯಾವುದೆಂದು ನಿರ್ಧರಿಸುವ ಸಂಖ್ಯೆಯನ್ನು) ಸ್ಥಿರವಾಗಿಡುವ ಸೌಲಭ್ಯವಿದ್ದರೆ ಅದನ್ನು ಬದಲಿಸದೆ, ಒಮ್ಮೆಗೆ ಒಂದೇ ಒಂದು ಪದವನ್ನು ಬದಲಿಸಿ. ನಾನು ಹಾಗೆ ಮಾಡಿದಾಗ 50, 85, 135 ಮೂರೂ ಅಣ್ಣತಮ್ಮಂದಿರಂತೆ ಬಂದವು. "ಫಿಶ್‌ಐ" ಎಂದೊಡನೆ ಕಂಬಗಳೆಲ್ಲ ಬಿಲ್ಲಿನಂತೆ ಬಾಗಿದವು. ಫಿಶ್‌ಐ, ಮ್ಯಾಕ್ರೊ, ಟಿಲ್ಟ್-ಶಿಫ್ಟ್ (ದೃಶ್ಯವನ್ನು ಪುಟ್ಟ ಆಟಿಕೆಯಂತೆ ತೋರಿಸಬಲ್ಲ ಲೆನ್ಸ್) ಇವೆಲ್ಲ ಬಲವಾದ ಪದಗಳು, ಏಕೆಂದರೆ ಆ ಲೆನ್ಸುಗಳ ಚಿತ್ರಗಳು ನೋಡಿದ ತಕ್ಷಣ ಬೇರೆಯಾಗಿ ಕಾಣುತ್ತವೆ, ಅವುಗಳ ಕೆಳಗೆ ಜನ ಆ ಹೆಸರನ್ನೇ ಬರೆದಿರುತ್ತಾರೆ. ಆದರೆ ಬಲವಾದ ಪದ ತನ್ನ ನೆಂಟರನ್ನೂ ಕರೆತರುತ್ತದೆ. ಲಗ್ನಪತ್ರಿಕೆಯೊಂದಕ್ಕೆ ಮಲ್ಲಿಗೆ ಮಾಲೆಯನ್ನು ಹತ್ತಿರದಿಂದ ತೋರಿಸಲು ನಾನು "ಮ್ಯಾಕ್ರೊ" ಎಂದು ಬರೆದೆ. ಪ್ರತಿ ಸಲವೂ ಮೊಗ್ಗಿನ ಮೇಲೆ ಗಾಜಿನ ಮಣಿಯಂತಹ ಇಬ್ಬನಿ ಬಂದು ಕೂತಿತು. ಮ್ಯಾಕ್ರೊ ಚಿತ್ರ ತೆಗೆಯುವವರಿಗೆ ಇಬ್ಬನಿಯ ಮೇಲಿರುವ ಮೋಹವನ್ನು ನೆನೆದರೆ ಅದರಲ್ಲಿ ಆಶ್ಚರ್ಯವಿಲ್ಲ. "ಮೊಗ್ಗುಗಳು ಚಿತ್ರದ ತುಂಬ, ದಾರದ ಗಂಟು ಕಾಣುವಷ್ಟು ಹತ್ತಿರ, ಒಣಗಿದ ಎಸಳು" ಎಂದು ಬರೆದ ಮೇಲೆಯೇ ಇಬ್ಬನಿ ಆರಿತು. ಹಾಗೆಯೇ "ಲೆನ್ಸ್", "ಕ್ಯಾಮೆರಾ" ಎಂಬ ಪದಗಳನ್ನು ಪದೇ ಪದೇ ಬರೆದರೆ ಹೂವಾಡಗಿತ್ತಿಯ ಕೈಗೇ ಕ್ಯಾಮೆರಾ ಬರುವ ಸಂಭವವೂ ಉಂಟು.

ಇನ್ನು, ಲೆನ್ಸನ್ನು ಬಿಟ್ಟು ಏನನ್ನು ಬರೆಯಬೇಕು ಎಂಬುದು ಸ್ವಲ್ಪ ವಿವರವಾಗಿ ಹೇಳಬೇಕಾದ ಮಾತು. ವೈಡ್ ಲೆನ್ಸ್ (24 ಎಂಎಂನಂತಹ ಅಗಲ ನೋಟದ್ದು) ಮುಖವನ್ನು ವಿಕಾರಗೊಳಿಸುತ್ತದೆ, ಟೆಲಿ ಲೆನ್ಸ್ (200 ಎಂಎಂನಂತಹ ಕಿರಿದು ನೋಟದ್ದು) ಚೆಂದಗೊಳಿಸುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ವಾಸ್ತವದಲ್ಲಿ ಆ ಕೆಲಸ ಮಾಡುವುದು ದೂರ. ತಲೆಯಿಂದ ಎದೆಯವರೆಗಿನ ಸುಮಾರು 60 ಸೆಂಟಿಮೀಟರನ್ನು ನಿಲುವಿನ ಚೌಕಟ್ಟಿನಲ್ಲಿ ತುಂಬಿಸಬೇಕಾದರೆ, 24 ಎಂಎಂ ಲೆನ್ಸಿನವನು ಸುಮಾರು 40 ಸೆಂಟಿಮೀಟರಿನಷ್ಟು ಹತ್ತಿರ ಹೋಗಬೇಕು, 85 ಎಂಎಂನವನು ಸುಮಾರು ಒಂದೂವರೆ ಮೀಟರ್ ದೂರ ನಿಲ್ಲಬೇಕು, 200 ಎಂಎಂನವನು ಮೂರೂವರೆ ಮೀಟರ್ ಹಿಂದೆ ಸರಿಯಬೇಕು. ಮೂಗಿನ ತುದಿಗಿಂತ ಕಿವಿ ಹತ್ತು ಸೆಂಟಿಮೀಟರ್ ಹಿಂದಿದೆ ಎಂದಿಟ್ಟುಕೊಳ್ಳಿ. 40 ಸೆಂಟಿಮೀಟರಿನಿಂದ ನೋಡಿದರೆ ಕಿವಿ 50ರಲ್ಲಿದೆ, ಅಂದರೆ ಕಿವಿಗೆ ಹೋಲಿಸಿದರೆ ಮೂಗು ಕಾಲು ಭಾಗ ದೊಡ್ಡದಾಗಿ ಕಾಣುತ್ತದೆ. ಒಂದೂವರೆ ಮೀಟರಿನಿಂದ ನೋಡಿದರೆ ಆ ವ್ಯತ್ಯಾಸ ನೂರಕ್ಕೆ ಆರೇಳರಷ್ಟಕ್ಕೆ ಇಳಿಯುತ್ತದೆ. ಫೋನನ್ನು ಕೈಚಾಚಿ ಹಿಡಿದು ತೆಗೆದುಕೊಂಡ ಸೆಲ್ಫಿಯಲ್ಲಿ ಮೂಗು ಮುಂದೆ ಬರುವುದು ಇದೇ ಲೆಕ್ಕದಿಂದ. (ಗ್ರೂಪ್ ಫೋಟೊದಲ್ಲಿ ಅಂಚಿಗೆ ನಿಂತ ಸೋದರತ್ತೆಯ ತೋಳು ದಪ್ಪಗೆ ಬಂದದ್ದಕ್ಕೆ ಮಾತ್ರ ವೈಡ್ ಲೆನ್ಸೇ ಹೊಣೆ, ಅದು ಅಂಚಿನಲ್ಲಿರುವುದನ್ನು ಎಳೆದು ಹಿಗ್ಗಿಸುತ್ತದೆ. ಆ ಜಗಳವನ್ನು ನಾನು ಹಲವು ಛತ್ರಗಳಲ್ಲಿ ಅನುಭವಿಸಿದ್ದೇನೆ.)

ಆದ್ದರಿಂದ ಪ್ರಾಂಪ್ಟ್‌ನಲ್ಲಿ ನಾನು ದೂರವನ್ನೂ ಅದರ ಪರಿಣಾಮವನ್ನೂ ಬರೆಯುತ್ತೇನೆ. ವೈಡ್ ಬೇಕೆಂದರೆ: "ತೀರ ಹತ್ತಿರದಿಂದ, ಮುಂದೆ ಚಾಚಿದ ಕೈ ಮತ್ತು ಅದರಲ್ಲಿರುವ ಹೂವಿನ ಮಾಲೆ ಮುಖಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಹಿಂದೆ ಅಂಗಡಿಸಾಲು ಚಿಕ್ಕದಾಗುತ್ತ ದೂರ ಹೋಗುತ್ತದೆ." ಟೆಲಿ ಬೇಕೆಂದರೆ: "ದೂರದಿಂದ, ಆಕೆಯ ಹಿಂದೆ ಜನರ ತಲೆಗಳು ಒಂದರ ಮೇಲೊಂದು ಪೇರಿಸಿದಂತೆ ಒತ್ತಾಗಿ ಕಾಣುತ್ತವೆ." ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯನ್ನು ಬುಲ್ ಟೆಂಪಲ್ ರಸ್ತೆಯ ತುದಿಯಲ್ಲಿ ನಿಂತು ಟೆಲಿ ಲೆನ್ಸಿನಲ್ಲಿ ತೆಗೆದರೆ ರಾಶಿಗೂ ರಾಶಿಗೂ ನಡುವೆ ಜಾಗವೇ ಇಲ್ಲವೆನಿಸುತ್ತದಲ್ಲ, ಆ ಒತ್ತಾದ ನೋಟವನ್ನು "200 ಎಂಎಂ" ಎಂದು ಬರೆದು ಪಡೆಯಲು ನನಗೆ ಆಗಲಿಲ್ಲ, ಮೇಲಿನ ವಾಕ್ಯದಿಂದ ಆಯಿತು. ಹೊಸ ಮಾದರಿಗಳಲ್ಲಿ ಇದು ಇನ್ನೂ ನಿಜ. 2023ರಲ್ಲಿ ಬಂದ ಡಾಲ್-ಇ 3 ಮಾದರಿಗೆ ಕಲಿಸುವಾಗ ಅಂತರ್ಜಾಲದ ಅರೆಬರೆ ಶೀರ್ಷಿಕೆಗಳ ಬದಲು, ಬಹುಮಟ್ಟಿಗೆ, ಚಿತ್ರದಲ್ಲಿ ಏನಿದೆಯೆಂದು ಯಂತ್ರವೇ ಬಿಡಿಸಿ ಬರೆದ ದೀರ್ಘ ವಿವರಣೆಗಳನ್ನು ಬಳಸಿದರು. ಚಿತ್ರವನ್ನು ನೋಡಿ ವಿವರಣೆ ಬರೆಯುವವರು "ಹಿನ್ನೆಲೆ ಮಸುಕಾಗಿದೆ" ಎಂದು ಬರೆಯಬಲ್ಲರು, ಲೆನ್ಸ್ 85 ಎಂಎಂನದೋ 105ರದೋ ಎಂದು ಹೇಗೆ ಬರೆದಾರು?

ಎಫ್ 1.4 ಮತ್ತು "ಇಡೀ ಮಾರುಕಟ್ಟೆ ಸ್ಪಷ್ಟವಾಗಿ" ಎಂಬ ನಿಮ್ಮ ಎರಡು ಬೇಡಿಕೆಗಳು ಒಂದನ್ನೊಂದು ಕಡಿಯುತ್ತವೆ. ಮಾರುಕಟ್ಟೆ ಕಾಣಬೇಕಾದರೆ ಎಫ್ 1.4 ಅಳಿಸಿಹಾಕಿ. ಐಎಸ್‌ಒ 100ನ್ನೂ (ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) ತೆಗೆದುಬಿಡಿ, ಅದರಿಂದ ಏನೂ ಆಗುತ್ತಿಲ್ಲ. ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಆವೃತ್ತಿಗಳು ಒಮ್ಮೆಗೆ ಓದುತ್ತಿದ್ದುದೇ ಪದ ಅಥವಾ ಪದದ ತುಂಡಿನಂತಹ 77 ಟೋಕನ್‌ಗಳನ್ನು. ಅಲ್ಲಿ ಇಂತಹ ಅಲಂಕಾರಕ್ಕೆ ತೆತ್ತ ಜಾಗ ಹೂವಿನಿಂದ ಕಿತ್ತುಕೊಂಡ ಜಾಗವೇ ಆಗಿತ್ತು.

ಆ್ಯಂಗಲ್‌ನ ಪದಗಳು ಲೆನ್ಸಿನ ಸಂಖ್ಯೆಗಳಿಗಿಂತ ಹೆಚ್ಚು ನಂಬಿಕಸ್ಥ. ಆದರೂ ಅವುಗಳಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಮಾತಿನದು. ಗಾಂಧಿನಗರದ ಸಿನಿಮಾದವರಿಂದ ನಮ್ಮ ಬಾಯಿಗೆ ಬಂದ "ಸಜೆಷನ್ ಶಾಟ್" ಎಂಬ ಪದವನ್ನು ಮಾದರಿಗೆ ಹೇಳಿದರೆ ಅದಕ್ಕೆ ಅರ್ಥವಾಗುವುದಿಲ್ಲ. "ಓವರ್ ದ ಶೋಲ್ಡರ್" ಎಂದೇ ಬರೆಯಬೇಕು, ಜೊತೆಗೆ "ಮುಂದೆ ಗಿರಾಕಿಯ ಹೆಗಲು ಮತ್ತು ಕಿವಿ ಮಸುಕಾಗಿ" ಎಂದು ಸೇರಿಸಬೇಕು. "ಟಾಪ್ ಆ್ಯಂಗಲ್" ಎನ್ನುವ ಬದಲು "ನೇರ ಮೇಲಿನಿಂದ ಕೆಳಕ್ಕೆ" ಎನ್ನುವುದು ಮೇಲು. "ಬರ್ಡ್ಸ್ ಐ ವ್ಯೂ" ಎಂದು ಬರೆದ ನನಗೆ ಒಮ್ಮೆ ಮಾರುಕಟ್ಟೆಯ ಮೇಲೆ ಹಾರುವ ಹದ್ದೊಂದು ಪುಕ್ಕಟೆಯಾಗಿ ಸಿಕ್ಕಿತ್ತು. (ನಾನು ಪ್ರಾಂಪ್ಟ್ ಟೈಪ್ ಮಾಡುವುದು ಇಂಗ್ಲಿಷಿನಲ್ಲೇ, ಓದಲು ಅನುಕೂಲವೆಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಎರಡನೆಯ ತೊಡಕು ರೂಢಿಯದು. ಮಾದರಿ ಯಾವ ವಸ್ತುವನ್ನು ಯಾವ ದಿಕ್ಕಿನಿಂದ ಹೆಚ್ಚು ನೋಡಿದೆಯೋ ಆ ದಿಕ್ಕಿಗೇ ಜಾರುತ್ತದೆ. ವಿಧಾನಸೌಧವನ್ನು ಎಲ್ಲರೂ ಅಂಬೇಡ್ಕರ್ ವೀಧಿಯ ಕಡೆಯಿಂದ, ಮೆಟ್ಟಿಲು, ಕಂಬಸಾಲು ಮತ್ತು ಗುಮ್ಮಟ ಕಾಣುವಂತೆ ತೆಗೆಯುತ್ತಾರೆ. ಅದನ್ನು ಹಿಂಬದಿಯ ಮೂಲೆಯಿಂದ ಕೇಳಿ ನೋಡಿ, ಎಷ್ಟು ಹಟ ಮಾಡಿದರೂ ಮತ್ತೆ ಮುಂಬಾಗಿಲಿಗೇ ಬಂದು ನಿಲ್ಲುತ್ತದೆ. ಅದೇ ರೂಢಿ ಕೆ.ಆರ್. ಮಾರ್ಕೆಟ್‌ನ ವಿಷಯದಲ್ಲಿ ನಿಮ್ಮ ಪರವಾಗಿದೆ. ಕಟ್ಟಡದ ಮೇಲಂತಸ್ತಿನಲ್ಲಿ ನಿಂತು ಕೆಳಗಿನ ಹೂವಿನ ರಾಶಿಗಳನ್ನು ತೆಗೆಯದ ಛಾಯಾಗ್ರಾಹಕ ಬೆಂಗಳೂರಿನಲ್ಲಿ ಅಪರೂಪ, ಹೀಗಾಗಿ ಮೇಲಿನಿಂದ ನೋಡುವ ಹೂವಿನ ಮಾರುಕಟ್ಟೆ ಸಲೀಸಾಗಿ ಬರುತ್ತದೆ. ನೀವು ಕೇಳುತ್ತಿರುವುದು ಅದರ ವಿರುದ್ಧ ದಿಕ್ಕನ್ನು.

ನಿಮ್ಮ "ಲೋ ಆ್ಯಂಗಲ್" ಏಕೆ ಸೋತಿತು ಎಂಬುದನ್ನು ಈಗ ನೋಡೋಣ. ಲೋ ಆ್ಯಂಗಲ್ ಎಂದು ಶೀರ್ಷಿಕೆಯಿರುವ ಚಿತ್ರಗಳಲ್ಲಿ ಸಾಮಾನ್ಯವಾಗಿ ಎತ್ತರದ ಕಟ್ಟಡವೋ ನಿಂತಿರುವ ಮನುಷ್ಯನೋ ಇರುತ್ತಾನೆ. ನಿಮ್ಮ ಹೂವಾಡಗಿತ್ತಿ ನೆಲದ ಮೇಲೆ ಗೋಣಿ ಹಾಸಿಕೊಂಡು ಕುಳಿತಿದ್ದಾರೆ. ಕುಳಿತವರನ್ನು ಕೆಳಗಿನಿಂದ ನೋಡುವುದೆಂದರೆ ಕ್ಯಾಮೆರಾವನ್ನು ಹೆಚ್ಚುಕಡಿಮೆ ನೆಲಕ್ಕೇ ತಾಗಿಸಬೇಕು, ಆಗ ಏನೇನು ಕಾಣುತ್ತದೆಂಬುದನ್ನು ಎಣಿಸಿಕೊಳ್ಳಿ: ಎದುರಿನ ಚೆಂಡುಹೂವಿನ ರಾಶಿ ಗುಡ್ಡದಂತೆ ಚಿತ್ರದ ಕೆಳಗಿನ ಅರ್ಧವನ್ನು ನುಂಗುತ್ತದೆ, ಅದರ ನೆತ್ತಿಯಾಚೆ ಆಕೆಯ ಗದ್ದದ ಅಡಿ, ಮೂಗುಬೊಟ್ಟು, ಮಾಲೆ ಅಳೆಯಲು ಎತ್ತಿದ ಮೊಳಕೈ, ತಲೆಯ ಹಿಂದೆ ಜನರ ಬದಲು ಚಾವಣಿಯ ಒಳಮೈ, ಅಲ್ಲಿ ತೂಗುವ ಬಲ್ಬು. ಲೋ ಆ್ಯಂಗಲ್‌ನಲ್ಲಿ ನೆಲ ಕಾಣುವುದಿಲ್ಲ, ಚಾವಣಿ ಕಾಣುತ್ತದೆ. ಟಾಪ್ ಆ್ಯಂಗಲ್‌ನಲ್ಲಿ ಆಕಾಶ ಕಾಣುವುದಿಲ್ಲ, ಬೈತಲೆ ಕಾಣುತ್ತದೆ. ಈ ಕಾಣುವ, ಕಾಣದ ವಸ್ತುಗಳನ್ನು ಹೆಸರಿಸಿದರೆ ಕೋನ ತಾನಾಗಿ ಒದಗುತ್ತದೆ, ಏಕೆಂದರೆ ಬೇರೆ ಕೋನದಲ್ಲಿ ಅವೆಲ್ಲ ಒಟ್ಟಿಗೆ ಕಾಣುವುದು ಸಾಧ್ಯವಿಲ್ಲ. ಹಾಗೆಂದು "ನೆಲ ಕಾಣಬಾರದು" ಎಂದು ಬರೆಯಬೇಡಿ. "ನೆಲ" ಎಂಬ ಪದ ಕಿವಿಗೆ ಬಿದ್ದರೆ ಸಾಕು, ಹಲವು ಮಾದರಿಗಳು ನೆಲವನ್ನೇ ಬಿಡಿಸುತ್ತವೆ.

ಇಷ್ಟಾದರೂ ಕೋನ ನಿಖರವಾಗಿ ನಿಲ್ಲದಿದ್ದರೆ ಪದಗಳ ಹಂಗೇ ಬೇಡ. ಮನೆಯವರೊಬ್ಬರನ್ನು ಚಾಪೆಯ ಮೇಲೆ ಕೂರಿಸಿ, ಎದುರಿಗೆ ಒಂದು ದಿಂಬು ಪೇರಿಸಿ, ಫೋನನ್ನು ನೆಲಕ್ಕಿಟ್ಟು ಒಂದು ಫೋಟೊ ತೆಗೆದು ಅದನ್ನೇ ರೆಫರೆನ್ಸ್ ಚಿತ್ರವಾಗಿ ಕೊಡಿ. 2023ರಲ್ಲಿ ಬಂದ ಕಂಟ್ರೋಲ್‌ನೆಟ್ ಎಂಬ ವಿಧಾನ ಇಂತಹ ಚಿತ್ರದಿಂದ ಭಂಗಿಯನ್ನೋ ಆಳದ ನಕ್ಷೆಯನ್ನೋ (ಯಾವುದು ಹತ್ತಿರ, ಯಾವುದು ದೂರ ಎಂಬ ನಕ್ಷೆ) ತೆಗೆದುಕೊಂಡು ಹೊಸ ಚಿತ್ರವನ್ನು ಅದಕ್ಕೆ ಕಟ್ಟಿಹಾಕುತ್ತದೆ. ನಮ್ಮ ಮನೆಯಲ್ಲಿ ಹೀಗೆ ಕೂತೂ ಕೂತೂ ನನ್ನ ಮಗಳು ಈಗ ಗಂಟೆಗಿಷ್ಟು ಎಂದು ಕೂಲಿ ಕೇಳುತ್ತಾಳೆ.

ನಿಮ್ಮ ಪೋಸ್ಟರಿಗೆ ನಾನಾದರೆ ಹೀಗೆ ಬರೆಯುತ್ತಿದ್ದೆ: "ಬೆಂಗಳೂರಿನ ಹೂವಿನ ಮಾರುಕಟ್ಟೆಯ ಫೋಟೊ, ಬೆಳಗಿನ ಜಾವ. ನೆಲಮಟ್ಟದಿಂದ, ತೀರ ಹತ್ತಿರದಿಂದ ಮೇಲಕ್ಕೆ ನೋಡುವ ನೋಟ. ಕೆಳಗಿನ ಅರ್ಧದಲ್ಲಿ ಕಿತ್ತಳೆ ಬಣ್ಣದ ಚೆಂಡುಹೂವಿನ ದೊಡ್ಡ ರಾಶಿ. ರಾಶಿಯ ಹಿಂದೆ ಕುಳಿತ ಅರವತ್ತರ ಹೆಂಗಸು ಕನಕಾಂಬರದ ಮಾಲೆಯನ್ನು ಮೊಳಕೈಗೆ ಹಿಡಿದು ಅಳೆಯುತ್ತಿದ್ದಾರೆ. ಎತ್ತಿದ ಕೈ ಮುಖಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತಲೆಯ ಮೇಲೆ ಚಾವಣಿಯ ಒಳಮೈ ಮತ್ತು ಉರಿಯುವ ಬಲ್ಬು. ಎರಡೂ ಬದಿಯ ಅಂಗಡಿಗಳು ಸ್ಪಷ್ಟವಾಗಿ, ಚಿಕ್ಕದಾಗುತ್ತ ದೂರ ಹೋಗುತ್ತವೆ." ಇದರಲ್ಲಿ 24 ಎಂಎಂ ಲೆನ್ಸಿನ ಗುಣವೆಲ್ಲ ಇದೆ, 24 ಎಂಬ ಸಂಖ್ಯೆಯಿಲ್ಲ. ಕೊನೆಗೆ "ವೈಡ್ ಆ್ಯಂಗಲ್" ಎಂಬ ಎರಡು ಪದ ಸೇರಿಸಿದರೆ ಅಡ್ಡಿಯಿಲ್ಲ. ಮೊದಲು ಅವಿಲ್ಲದೆ ನಾಲ್ಕು ಚಿತ್ರ ತೆಗೆಸಿ, ಆಮೇಲೆ ಅದೇ ಸೀಡ್‌ನಲ್ಲಿ ಸೇರಿಸಿ ನೋಡಿ.