ಪಿಕಪ್ ಮೇಲೆ ಇನ್ನಷ್ಟು ಸೋಲಾರ್ ಬೇಕೇ?

ಪ್ರಶ್ನೆ: ನನ್ನ ಪಿಕಪ್ ವಾಹನದಲ್ಲಿ 100 ವ್ಯಾಟ್‌ನ ಸೋಲಾರ್ ಪ್ಯಾನೆಲ್, ಪಿಡಬ್ಲ್ಯುಎಂ ಕಂಟ್ರೋಲರ್ (ಪ್ಯಾನೆಲಿನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ನಿಯಂತ್ರಿಸುವ ಸರಳ ಸಾಧನ) ಮತ್ತು 12 ವೋಲ್ಟ್, 100 ಎಎಚ್‌ನ ಟ್ಯೂಬ್ಯುಲರ್ ಬ್ಯಾಟರಿ ಇವೆ. ಚಿಕ್ಕ ಫ್ರಿಜ್ ಸೇರಿಸಿದ ಮೇಲೆ, ಮಾಜಾಳಿಯ ಕಡಲತೀರದಲ್ಲಿ ಎರಡು ರಾತ್ರಿ ಹೇಗೋ ಕಳೆಯುತ್ತದೆ. ಯಾಣದ ಕಡೆ ಮರಗಳ ನಡುವೆ ತಂಗಿದರೆ ಮರುದಿನ ಸಂಜೆಗೇ ಬ್ಯಾಟರಿ ಕೈಕೊಡುತ್ತದೆ. ಮತ್ತೆ 200 ವ್ಯಾಟ್ ಪ್ಯಾನೆಲ್ ಹಾಕಿಸಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಹಾಕಿಸಲೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಪ್ರಶ್ನೆಯಲ್ಲೇ ಅದಕ್ಕೆ ಕಾರಣವಿದೆ. 45 ವ್ಯಾಟ್‌ನ ಫ್ರಿಜ್ ದಿನದ ಮೂರನೆಯ ಒಂದು ಭಾಗದಷ್ಟು ಹೊತ್ತು ಓಡಿದರೂ 360 ವ್ಯಾಟ್-ಅವರ್ ಬೇಕು. ರಾತ್ರಿಯ ಫ್ಯಾನು, ದೀಪ, ಮೊಬೈಲು, ಲ್ಯಾಪ್‌ಟಾಪ್ ಸೇರಿದರೆ 600ರ ಹತ್ತಿರ ಬರುತ್ತದೆ. ನಿಮ್ಮ ಟ್ಯೂಬ್ಯುಲರ್‌ನಂಥ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುವುದರಿಂದ, ನಿಮ್ಮ ಬ್ಯಾಟರಿಯ (12 ವೋಲ್ಟ್ × 100 ಎಎಚ್) 1,200 ವ್ಯಾಟ್-ಅವರ್‌ನಲ್ಲಿ ಬಳಕೆಗೆ ಸಿಗುವುದೂ ಸುಮಾರು 600 ಮಾತ್ರ, ಅಂದರೆ ಒಂದೇ ದಿನದ ಖರ್ಚು. ಬಿಸಿಲು ಸಿಗುವ ಮಾಜಾಳಿಯಲ್ಲಿ ಪ್ಯಾನೆಲ್ ದಿನಕ್ಕೆ 300ರಷ್ಟು ತುಂಬಿಕೊಡುತ್ತದೆ. ಕಾಡಿನಲ್ಲಿ ಒಂದು ಕೊಂಬೆಯ ನೆರಳು ಪ್ಯಾನೆಲಿನ ಕೆಲವೇ ಸೆಲ್‌ಗಳ ಮೇಲೆ ಬಿದ್ದರೂ ಉತ್ಪಾದನೆ ತೀವ್ರವಾಗಿ ಕುಸಿಯುತ್ತದೆ. ದಟ್ಟ ನೆರಳಿನಲ್ಲಿ 300 ವ್ಯಾಟ್ ಇದ್ದರೂ ಕೈಗೆ ಸಿಗುವುದು ಅತ್ಯಲ್ಪ.

ಆದ್ದರಿಂದ ಮೊದಲ ಹಣವನ್ನು, ಎಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್‌ನಿಂದ ಈ ಬ್ಯಾಟರಿಯನ್ನು ತುಂಬಿಸುವ ಡಿಸಿ-ಡಿಸಿ ಚಾರ್ಜರ್‌ಗೆ ಹಾಕಿ. 20 ಆಂಪಿಯರ್‌ನ ಚಾರ್ಜರ್ ಗಂಟೆಗೆ ಸುಮಾರು 250 ವ್ಯಾಟ್-ಅವರ್ ಕೊಡುತ್ತದೆ. ಶಿರಸಿಯಿಂದ ಹೊರಟು ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವ ಹೊತ್ತಿಗೆ ಒಂದು ದಿನದ ಖರ್ಚಿನ ಬಹುಪಾಲು ಮರಳಿರುತ್ತದೆ, ಅದೂ ಮಳೆಗಾಲದಲ್ಲಿಯೂ. ಲೆಡ್-ಆಸಿಡ್ ಬ್ಯಾಟರಿ ತುಂಬುತ್ತ ಬಂದಂತೆ ಕರೆಂಟನ್ನು ನಿಧಾನವಾಗಿ ಸ್ವೀಕರಿಸುವುದರಿಂದ, ಕೊನೆಯ ಐದನೆಯ ಒಂದು ಭಾಗಕ್ಕೆ ಮಾತ್ರ ಹೆಚ್ಚು ಸಮಯ ಹಿಡಿಯುತ್ತದೆ.

ಬ್ಯಾಟರಿ ಹಳೆಯದಾಗಿದ್ದರೆ ಲೋಡ್ ಟೆಸ್ಟ್ (ಭಾರ ಹಾಕಿ ಬ್ಯಾಟರಿಯ ಸಾಮರ್ಥ್ಯ ನೋಡುವ ಪರೀಕ್ಷೆ) ಮಾಡಿಸಿ. ಅದು ಸೋತಿದ್ದರೆ ಅಷ್ಟೇ ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕುವುದು ಒಳ್ಳೆಯದು. ಅದರಲ್ಲಿ ಸುಮಾರು 1,000 ವ್ಯಾಟ್-ಅವರ್ ನಿರಾತಂಕವಾಗಿ ಬಳಸಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ. ಆದರೆ ಅದನ್ನು ಆಲ್ಟರ್ನೇಟರ್‌ಗೆ ನೇರವಾಗಿ ಜೋಡಿಸಿದರೆ ಅತಿಯಾಗಿ ಕರೆಂಟ್ ಎಳೆದು ಆಲ್ಟರ್ನೇಟರ್ ಸುಡುವ ಅಪಾಯವಿದೆ, ಹಾಗಾಗಿ ಮೇಲೆ ಹೇಳಿದ ಚಾರ್ಜರ್ ಆಗಲೂ ಬೇಕೇ ಬೇಕು. ಕಂಟ್ರೋಲರ್‌ನಲ್ಲಿ ಲಿಥಿಯಂ ಆಯ್ಕೆ ಇಲ್ಲದಿದ್ದರೆ ಪ್ಯಾನೆಲಿನ ಹೆಚ್ಚುವರಿ ವೋಲ್ಟೇಜನ್ನು ಕರೆಂಟಾಗಿ ಬದಲಿಸುವ ಎಂಪಿಪಿಟಿ ಕಂಟ್ರೋಲರ್ ಕೊಳ್ಳಿ. ಪ್ಯಾನೆಲಿನ 18 ವೋಲ್ಟನ್ನು ಪಿಡಬ್ಲ್ಯುಎಂ 13ಕ್ಕೆ ಎಳೆದು ಕಳೆಯುವ ಶಕ್ತಿಯಲ್ಲಿ ಬಹುಪಾಲು ಅದರಿಂದ ಉಳಿಯುತ್ತದೆ.

ಒಂದೇ ಕಡೆ ಮೂರು ನಾಲ್ಕು ದಿನ ವಾಹನ ಕದಲಿಸದೆ ತಂಗುವವರಾದರೆ ಮಾತ್ರ ಇನ್ನೊಂದು 100 ವ್ಯಾಟ್ ಸೇರಿಸಿ. ಅದನ್ನೂ ಮೇಲ್ಛಾವಣಿಗೆ ಬಿಗಿಯದೆ, ಉದ್ದನೆಯ ವೈರಿನೊಂದಿಗೆ ಬಿಡಿಯಾಗಿ ಇಟ್ಟುಕೊಂಡರೆ, ವಾಹನವನ್ನು ನೆರಳಲ್ಲಿ ನಿಲ್ಲಿಸಿ ಪ್ಯಾನೆಲನ್ನು ಬಿಸಿಲಿಗೆ ಒಯ್ಯಬಹುದು. ಡಿಸೆಂಬರಿನ ಓರೆ ಬಿಸಿಲಿಗೆ ದಕ್ಷಿಣಕ್ಕೆ ವಾಲಿಸಿಯೂ ಇಡಬಹುದು. ಏನೇ ಹಾಕಿಸಿದರೂ ಬ್ಯಾಟರಿಯ ಪಾಸಿಟಿವ್ ತುದಿಯ ಪಕ್ಕದಲ್ಲೇ ಫ್ಯೂಸ್ ಇರಲಿ, ಕಡಲತೀರದಿಂದ ಮರಳಿದ ಕೂಡಲೇ ಪ್ಯಾನೆಲನ್ನು ಸಿಹಿನೀರಿನಲ್ಲಿ ತೊಳೆಯಿರಿ, ಟರ್ಮಿನಲ್‌ಗಳಿಗೆ ವ್ಯಾಸಲೀನ್ ಸವರಿ.