ಕೆಲಸ ಬಿಟ್ಟು ತೋಟಕ್ಕೆ ಬರಲಾ?

ಪ್ರಶ್ನೆ: ಬೆಂಗಳೂರಿನಲ್ಲಿ 12 ವರ್ಷದಿಂದ ಸಾಫ್ಟ್‌ವೇರ್ ಕೆಲಸ. ರಾತ್ರಿ ನಿದ್ದೆಯಿಲ್ಲ. ಶ್ರೀನಿವಾಸಪುರದ ಹತ್ತಿರ ಅಪ್ಪನ 2 ಎಕರೆ ಇದೆ, ಅರ್ಧ ಮಾವು. ಕೆಲಸ ಬಿಟ್ಟು ಟೊಮ್ಯಾಟೊ ಹಾಕಲಾ?

ಉತ್ತರ: ನಾನೂ ಹಾಗೇ ಬಂದವಳು. ನಿದ್ದೆಯೇನೋ ಬಂತು. ಆದರೆ ಮೊದಲ ವರ್ಷವೇ ಟೊಮ್ಯಾಟೊದಲ್ಲಿ ಕೈ ಸುಟ್ಟುಕೊಂಡೆ. ಕೋಲಾರ ಮಾರ್ಕೆಟ್ಟಿಗೆ ಒಯ್ದ 15 ಕೆ.ಜಿ. ಬಾಕ್ಸುಗಳಿಂದ ಗಾಡಿ ಬಾಡಿಗೆಯೂ ಹುಟ್ಟಲಿಲ್ಲ. ಮೊದಲು ಬೋರ್‌ವೆಲ್ ನೋಡಿ. ನಮ್ಮ ಕಡೆ 1,000 ಅಡಿ ಕೊರೆಸಿ ಬರೀ ಧೂಳು ಕಂಡವರಿದ್ದಾರೆ. ಮಾವು ಒಂದು ವರ್ಷ ಜಾಸ್ತಿ ಬಿಟ್ಟರೆ ಮರುವರ್ಷ ಕಡಿಮೆ. ನಮ್ಮನೆ ಖರ್ಚು ತೂಗಿಸಿದ್ದು ಎರಡು ಸೀಮೆಹಸು. ಅವಕ್ಕೆ ಭಾನುವಾರ ಇಲ್ಲ, ಬೆಳಗ್ಗೆ 5ಕ್ಕೇ ಕೂಗುತ್ತವೆ. ಹಳೇ ಮ್ಯಾನೇಜರೇ ವಾಸಿ ಅನ್ನಿಸುತ್ತೆ ಒಮ್ಮೊಮ್ಮೆ! ಸದ್ಯಕ್ಕೆ ರಾಜೀನಾಮೆ ಬೇಡ. ರಜೆಯಲ್ಲಿ ಬಂದು ಒಂದು ಬೆಳೆ ತೆಗೆಯಿರಿ. ಅಂದಹಾಗೆ, ಅಪ್ಪನನ್ನು ಕೇಳಿದ್ದೀರಾ?